ಕಡಲ ಉಪ್ಪು ಮತ್ತು ನಮ್ಮ ಬಾವಿಯ ನೀರು



ಕಲಬುರಗಿ ನಗರವು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಕಡಲು ಎಷ್ಟು ಏರಿದರೂ ಅದರ ನೀರು ಕಮಲಾಪುರದ ಬಾಳೆತೋಟಕ್ಕೆ ಬರುವುದಿಲ್ಲ. ಆದರೂ ಕರಾವಳಿಯ ಬೇಸಾಯಗಾರರ ಇಂದಿನ ಕಷ್ಟದಿಂದ ನೀವು ಕಲಿಯಬೇಕಾದ ಪಾಠವೊಂದಿದೆ.

ಕರಾವಳಿಯಲ್ಲಿ ಆಗುತ್ತಿರುವುದೇನು?

ಭೂಮಿಯ ಉಷ್ಣತೆ ಹೆಚ್ಚಿದಂತೆ ಕಡಲ ನೀರು ಹಿಗ್ಗುತ್ತದೆ. ಹಿಮರಾಶಿಗಳೂ ಕರಗಿ ಅದನ್ನು ಸೇರುತ್ತವೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಗೇಣು ಏರಿದೆ. ಇದು ಅಲ್ಪವೆಂದು ತೋರಬಹುದು. ಆದರೆ ಕುಮಟಾ ತಾಲೂಕಿನ ಅಘನಾಶಿನಿ ನದಿ ಕಡಲು ಸೇರುವಲ್ಲಿಯ ಗಜನಿ ಭೂಮಿಯನ್ನು ನೋಡಿರಿ. ಅಲ್ಲಿಯ ರೈತರು ಮಣ್ಣಿನ ಒಡ್ಡು ಕಟ್ಟಿ ಉಬ್ಬರದ ನೀರನ್ನು ತಡೆದು, ಮಳೆನೀರಿನಿಂದ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ, ಉಪ್ಪು ಸಹಿಸುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಕಡಲು ಏರಿದಷ್ಟೂ ಒಡ್ಡಿಗೆ ಅಪಾಯ ಹೆಚ್ಚು. ಒಡ್ಡು ಒಡೆದರೆ ಆ ವರ್ಷದ ಬೆಳೆ ಹೋದಂತೆಯೇ.

ಬಾವಿಗಳಿಗೂ ಇದೇ ಭಯ. ಸಿಹಿನೀರು ಹಗುರ, ಕರಾವಳಿಯ ನೆಲದೊಳಗೆ ಅದು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ 1 ಅಡಿ ಇಳಿದರೆ, ಉಪ್ಪುನೀರು ಸುಮಾರು 40 ಅಡಿ ಮೇಲೇರಬಲ್ಲದು. ಆದ್ದರಿಂದ ಕಡಲಿನಷ್ಟೇ ಮಿತಿಮೀರಿ ಓಡುವ ಪಂಪೂ ಬಾವಿಯನ್ನು ಕೆಡಿಸುತ್ತದೆ.

ನಮ್ಮಲ್ಲಿ ಉಪ್ಪು ಎಲ್ಲಿಂದ?

ನಮ್ಮ ನೆಲದಡಿ ಕಡಲಿಲ್ಲ. ಆದರೆ ಬಾವಿ ಬತ್ತಿದಾಗ ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸುತ್ತೇವೆ. ಬಂಡೆಗಳ ನಡುವೆ ಬಹುಕಾಲ ನಿಂತ ಆಳದ ನೀರಿನಲ್ಲಿ ಹಲವೆಡೆ ಲವಣಾಂಶ ಹೆಚ್ಚಿರುತ್ತದೆ. ಲೀಟರಿಗೆ 1 ಗ್ರಾಂ ಲವಣವಿರುವ ನೀರನ್ನು ಎಕರೆಗೆ ಒಂದು ಅಂಗುಲ ಹಾಯಿಸಿದರೆ, ಸುಮಾರು 100 ಕಿಲೋ ಲವಣ ಹೊಲ ಸೇರುತ್ತದೆ. ನೀರು ಆವಿಯಾಗುತ್ತದೆ, ಲವಣ ಅಲ್ಲಿಯೇ ಉಳಿಯುತ್ತದೆ. ಬಸಿಯದ ಎರೆಭೂಮಿ ಹೀಗೆ ಸವಳಾಗುತ್ತದೆ.

ಬಾಳೆ ಉಪ್ಪನ್ನು ಸಹಿಸದ ಬೆಳೆ. ಎಲೆಯಂಚು ಸುಟ್ಟಂತಾಗಿ ಗೊನೆ ಸಣ್ಣದಾಗುತ್ತದೆ. ಕಮಲಾಪುರದ ಕೆಂಪು ಬಾಳೆಯು ವರ್ಷಕ್ಕೂ ಹೆಚ್ಚು ಕಾಲ ಹೊಲದಲ್ಲಿರುವುದರಿಂದ ಬೇಸಿಗೆಯ ನೀರನ್ನೂ ನೆಚ್ಚಬೇಕಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಬಾಳೆ ನೆಡುವ ಮೊದಲು ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿರಿ. ಬೇಸಿಗೆಯ ಕೊನೆಗೆ ನೀರನ್ನು ಮತ್ತೊಮ್ಮೆ ಪರೀಕ್ಷಿಸಿರಿ.

2. ಪಂಪನ್ನು 15 ನಿಮಿಷ ಓಡಿಸಿ, ಅದೇ ನೀರಿನಿಂದ ತೊಳೆದ ಬಾಟಲಿಯಲ್ಲಿ ಮಾದರಿ ತೆಗೆಯಿರಿ. ಹೆಸರು, ಸರ್ವೆ ನಂಬರು, ತಾರೀಖು ಬರೆದು ಅಂಟಿಸಿರಿ.

3. ಬದು ಮತ್ತು ಕೃಷಿ ಹೊಂಡಗಳಿಂದ ಮಳೆನೀರನ್ನು ಹೊಲದಲ್ಲಿಯೇ ಹಿಡಿಯಿರಿ. ಬಾವಿಯ ಸಿಹಿನೀರು ಉಳಿಯಲು ಇದೇ ಮೂಲ.

4. ಹನಿ ನೀರಾವರಿ ಅಳವಡಿಸಿ, ಬುಡಕ್ಕೆ ಒಣಗಿದ ಬಾಳೆ ಎಲೆಗಳ ಹೊದಿಕೆ ಕೊಡಿರಿ.

5. ಎರೆಭೂಮಿಯಲ್ಲಿ ಬಸಿಗಾಲುವೆ ತೆಗೆಯಿರಿ. ಜಿಪ್ಸಮ್ಮನ್ನು ಮಣ್ಣು ಪರೀಕ್ಷೆಯ ಸಲಹೆ ಇಲ್ಲದೆ ಹಾಕಬೇಡಿರಿ. ಎಲ್ಲ ಸವಳಿಗೂ ಅದು ಮದ್ದಲ್ಲ.

ಒಮ್ಮೆ ಸವಳಾದ ಹೊಲವನ್ನು ಸರಿಪಡಿಸಲು ಹಣವೂ ಬೇಕು, ವರ್ಷಗಳೂ ಬೇಕು. ಆದುದರಿಂದ ಈ ಮುಂಗಾರಿನ ಮೊದಲ ಮಳೆಗೆ ಮುನ್ನವೇ ಬದುಗಳನ್ನು ಸರಿಪಡಿಸಿಕೊಳ್ಳಿರಿ.