ಇಂದಿನ ಧಮ್ಮ ಚಿಂತನೆ: ಚೌದಾರ್ ಕೆರೆ ಮತ್ತು ನಾಲ್ಕನೆಯ ಶೀಲ



ಕಳೆದ ಭಾನುವಾರದ ಓದಿನಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ನೆನಪಿದೆಯಲ್ಲ? "ಶೀಲ, ಧ್ಯಾನ ಅಂತ ಕಣ್ಣು ಮುಚ್ಚಿ ಕೂತರೆ ನಮ್ಮೂರ ಹೋಟೆಲಿನ ಬೇರೆ ಲೋಟ ಹೋಗುತ್ತಾ? ಮೊದಲು ಸಮಾಜ ಬದಲಾಗಲಿ." ಅದಕ್ಕೆ ಹಿರಿಯರೊಬ್ಬರು, "ಮೊದಲು ನೀನು ಸರಿಯಾಗಪ್ಪ, ಸಮಾಜ ತಾನೇ ಸರಿಹೋಗುತ್ತೆ" ಎಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಹಿರಿಯರ ಮಾತಂತೂ, ಅವರು ಕ್ಷಮಿಸಬೇಕು, ನಮ್ಮನ್ನು ತುಳಿದವರೇ ನಮಗೆ ಹೇಳಿಕೊಂಡು ಬಂದ ಮಾತು. ನೀವು ಶುಚಿಯಾಗಿ, ಕುಡಿತ ಬಿಡಿ, ಆಮೇಲೆ ನೋಡೋಣ ಅಂತ.

ಬಾಬಾಸಾಹೇಬರು ಮಹಾಡ್‌ನಲ್ಲಿ ಏನು ಮಾಡಿದರು ನೋಡಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ಬಾಂಬೆ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮರುವರ್ಷ ಮಹಾಡ್ ಪುರಸಭೆಯೂ ಚೌದಾರ್ ಕೆರೆ ಎಲ್ಲರದು ಎಂದು ಬರೆದಿಟ್ಟಿತು. ಕಾಗದದಲ್ಲಿ ಅಷ್ಟೆ. 1927ರ ಮಾರ್ಚ್‌ನಲ್ಲಿ ಸಮ್ಮೇಳನ ನಡೆದಾಗ, ಬಂದ ಸಾವಿರಾರು ಜನರಿಗೆ ಕುಡಿಯುವ ನೀರನ್ನು 40 ರೂಪಾಯಿ ಕೊಟ್ಟು ತರಿಸಬೇಕಾಯಿತು. ಕೆರೆ ಊರಲ್ಲೇ ಇತ್ತು.

ಮಾರ್ಚ್ 19ರ ಭಾಷಣದಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಂಜಲು ಅನ್ನಕ್ಕೆ ಕೈಯೊಡ್ಡಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದರು. ಮರುದಿನ ಅದೇ ಜನರನ್ನು ಕರೆದುಕೊಂಡು ಹೋಗಿ ಕೆರೆಗಿಳಿದು ನೀರು ಕುಡಿದರು. ನಡುವೆ ಇದ್ದದ್ದು ಒಂದೇ ರಾತ್ರಿ. ಹತ್ತು ವರ್ಷ ತಿದ್ದಿಕೊಂಡು ಆಮೇಲೆ ಕೆರೆಗೆ ಬನ್ನಿ ಎಂದು ಅವರು ಹೇಳಲಿಲ್ಲ. ಕೆರೆ ಸಿಗಲಿ, ಮಾಂಸದ ಮಾತು ಆಮೇಲೆ ಎಂದೂ ಹೇಳಲಿಲ್ಲ. ಎಂಜಲಿಗೆ ಒಡ್ಡಿದ ಕೈ ಹಕ್ಕಿನ ನೀರಿಗೆ ಚಾಚುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು.

ನೀರು ಕುಡಿದು ಬಂದ ಮೇಲೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಸುಳ್ಳು ಊರಲ್ಲಿ ಹಬ್ಬಿತು. ಚಪ್ಪರದಲ್ಲಿ ಊಟಕ್ಕೆ ಕೂತವರ ಮೇಲೆ ಲಾಠಿ ಬಿತ್ತು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು, ತಿರುಗಿ ಬೀಳುವ ತೋಳಿತ್ತು. ಬಾಬಾಸಾಹೇಬರು ಬೇಡ ಎಂದರು. ಅವರು ತಡೆದುಕೊಂಡರು. ಇದನ್ನು ಹೇಡಿತನ ಎನ್ನುವವರು ಮುಂದಿನದನ್ನೂ ಓದಬೇಕು. ಹೊಡೆದವರಲ್ಲಿ ಕೆಲವರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಕೆರೆಯ ಮೊಕದ್ದಮೆ ಬಾಂಬೆ ಹೈಕೋರ್ಟಿನವರೆಗೆ ಹೋಗಿ 1937ರಲ್ಲಿ ನಮ್ಮ ಪರ ತೀರ್ಪಾಯಿತು. ಹತ್ತು ವರ್ಷ! ಕೋಪ ಒಂದನ್ನೇ ನೆಚ್ಚಿಕೊಂಡವರು ಅಷ್ಟು ದೂರ ನಡೆಯಲಾರರು.

ಆಗಿನ್ನೂ ಅವರು ಬೌದ್ಧರಾಗಿರಲಿಲ್ಲ, ನಿಜ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ಒಮ್ಮೆ ತೆಗೆದು ನೋಡಿ. ಮದ್ಯ ಮುಟ್ಟುವುದಿಲ್ಲ ಎಂಬುದು, ಸುಳ್ಳು ಹೇಳುವುದಿಲ್ಲ ಎಂಬುದು, ಸಮಾನತೆ ಸ್ಥಾಪಿಸಲು ಶ್ರಮಿಸುತ್ತೇನೆ ಎಂಬುದು ಎಲ್ಲ ಒಂದೇ ಪಟ್ಟಿಯಲ್ಲಿವೆ. ಮನೆಯ ಲೆಕ್ಕ ಬೇರೆ, ಬೀದಿಯ ಲೆಕ್ಕ ಬೇರೆ ಎಂದು ಅಲ್ಲಿ ಗೆರೆ ಎಳೆದಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲೂ ಅವರು ಹೇಳುವುದು ಇದನ್ನೇ: ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಸೇರಿದಾಗಲೇ ಅದು ಬೇಕಾಗುತ್ತದೆ.

ಇನ್ನು ನನ್ನ ಕಥೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮನೆ ಹುಡುಕುತ್ತಿದ್ದೆ. ಐದು ಕಡೆ 'ನೀವು ಏನ್ ಜನ?' ಆಗಿತ್ತು. ಆರನೆಯ ಮನೆಯಲ್ಲಿ "ಬೌದ್ಧರು ಸರ್" ಎಂದೆ. ಮಾಲೀಕರು, "ಓ, ಜೈನರ ಥರಾನಾ?" ಎಂದರು. "ಹೆಚ್ಚುಕಮ್ಮಿ ಹಾಗೇ ಸರ್" ಎಂದುಬಿಟ್ಟೆ. ಮನೆ ಸಿಕ್ಕಿತು. ಬಾಬಾಸಾಹೇಬರ ಫೋಟೋ ಮಲಗುವ ಕೋಣೆಗೆ ಹೋಯಿತು. ಆ ರಾತ್ರಿ ಪಂಚಶೀಲ ಹೇಳುವಾಗ, ಮುಸಾವಾದಾ ವೇರಮಣಿ ಬಂದ ಕೂಡಲೇ ಮಗಳು ನಿಲ್ಲಿಸಿ, "ಅಪ್ಪಾ, ನಾವು ಜೈನರಾ?" ಎಂದಳು. ಏಳು ವರ್ಷದ ಮಗು.

ತಪ್ಪು ಆ ವ್ಯವಸ್ಥೆಯದು, ಅದರಲ್ಲಿ ಸಂಶಯವಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಸೂರಿಗಾಗಿ ಜಾತಿ ಮುಚ್ಚಿಟ್ಟವರನ್ನು ನಾನು ಎಂದೂ ಬೈಯುವುದಿಲ್ಲ. ಆದರೆ ನನ್ನನ್ನು ಮನುಷ್ಯನೆಂದು ಎತ್ತಿ ನಿಲ್ಲಿಸಿದ ಧಮ್ಮವನ್ನೇ ನಾನು ಪರದೆ ಮಾಡಿಕೊಂಡಿದ್ದೆ. ಅದು ಕೊರೆಯುತ್ತಿತ್ತು. ಬೆಳಗಿನ ಆನಾಪಾನ ತಪ್ಪಿಸುತ್ತಿರಲಿಲ್ಲ, ಆದರೆ ಮೆಟ್ಟಿಲಲ್ಲಿ ಮಾಲೀಕರು ಎದುರಾದರೆ ಉಸಿರು ಬಿಗಿಯಾಗುತ್ತಿತ್ತು.

ಈ ಏಪ್ರಿಲ್ 14ರಂದು ಫೋಟೋವನ್ನು ಹಾಲ್‌ಗೆ ತಂದು, ಬಾಗಿಲು ತೆರೆದಿಟ್ಟು ತ್ರಿಸರಣ ಹೇಳಿದೆವು. ಪಾಯಸದ ಬಟ್ಟಲು ಹಿಡಿದು ನಾನೇ ಕೆಳಗೆ ಹೋಗಿ, "ಅಂದು ನಾನು ಪೂರ್ತಿ ಹೇಳಿರಲಿಲ್ಲ ಸರ್" ಎಂದು ಶುರುಮಾಡಿದೆ. ಅವರು ಬಟ್ಟಲು ತೆಗೆದುಕೊಂಡರು. ಮಾತಾಡಲಿಲ್ಲ. ಬಟ್ಟಲು ತೊಳೆದು ವಾಪಸು ಬಂತು, ಅವರ ಮನೆಯಿಂದ ಹಬ್ಬಕ್ಕೆ ಬರುತ್ತಿದ್ದ ಒಬ್ಬಟ್ಟು ನಿಂತಿದೆ. ಕರಾರು ಮುಗಿಯುವುದು ಮುಂದಿನ ತಿಂಗಳು. ಈ ಸಲ ಮನೆ ಖಾಲಿ ಮಾಡಿ ಎಂದರೆ ಸುಮ್ಮನೆ ಹೋಗುವುದಿಲ್ಲ, ಕಾರಣ ಬರೆದುಕೊಡಿ ಎಂದು ಕೇಳುತ್ತೇನೆ. ನಮ್ಮ ವಕೀಲ ಮಿತ್ರರೊಡನೆ ಮಾತಾಡಿದ್ದೇನೆ.

ಇಂದು ಸಂಜೆ ಪಂಚಶೀಲ ಹೇಳುವಾಗ ನಾಲ್ಕನೆಯದರ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಯಾರ ಮುಂದೆ ನಿಮ್ಮ ಉಸಿರು ಬಿಗಿಯಾಗುತ್ತದೆ ಎಂದು ನೋಡಿಕೊಳ್ಳಿ. ಹೇಳಿಕೊಳ್ಳಬೇಕೆನಿಸಿದವರು ಭಾನುವಾರ ಬನ್ನಿ, ಆ ಹುಡುಗನೂ ಬರುತ್ತಾನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.