ಬಿಸಿಲು, ಕುರಿ ಮತ್ತು ಕಡಲ ಪಾಚಿ

ಏಪ್ರಿಲ್ ತಿಂಗಳು. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹುಲ್ಲು ಒಣಗಿದೆ. ನಡು ಮಧ್ಯಾಹ್ನ. ಬಯಲಲ್ಲಿ ಕುರಿಗಳು ಒತ್ತಾಗಿ ನಿಂತಿವೆ. ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿದೆ. ಮೇವು ಮುಟ್ಟುತ್ತಿಲ್ಲ. ಬಾಯಿ ತೆರೆದು ಏದುತ್ತಿವೆ.

ಇದನ್ನು ನೀವೂ ನೋಡಿದ್ದೀರಿ. ಕುರಿಗೆ ನಮ್ಮ ಹಾಗೆ ಬೆವರು ಸುರಿಯುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನೆರಳಲ್ಲಿ ಮಲಗಿದ ಕುರಿ ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಬಿಸಿಲು ತಾಗಿದರೆ 80, 100, ಇನ್ನೂ ಹೆಚ್ಚು. ಅದು ಸರಿಯಾಗಿ ಮೇಯುವುದಿಲ್ಲ, ಸೊರಗುತ್ತದೆ. ಹಾಲು ಕಡಿಮೆಯಾಗಿ ಮರಿ ಬಡವಾಗುತ್ತದೆ. ಗಬ್ಬ ನಿಲ್ಲುವುದು ಕಷ್ಟ. ಕೆಲವು ಸತ್ತೇ ಹೋಗುತ್ತವೆ.

ಒಂದು ಮನೆಯಲ್ಲಿ 20 ಕುರಿ. ಮಗ ಸಂತೆಯಿಂದ ಒಂದು ಪೊಟ್ಟಣ ತಂದ.

"ಏನ್ ಮಗ ಇದು? ಮೀನಿನ ವಾಸನೆ ಬತ್ತದೆ" ಅಂದಳು ಅವ್ವ.

ಸೊಸೆ ಅಕ್ಷರ ಕಲಿತವಳು. ಕೂಡಿಸಿ ಕೂಡಿಸಿ ಓದಿದಳು. "ಕಡಲ ಪಾಚಿ ಪುಡಿ ಅಂತ ಬರೆದವ್ರೆ ಅತ್ತೆ. ಬಿಸಿಲಿಗೆ ಒಳ್ಳೇದಂತೆ."

ಅತ್ತೆಗೆ ನಂಬಿಕೆ ಬರಲಿಲ್ಲ. ಇಬ್ಬರೂ ಪೊಟ್ಟಣ ಹಿಡಿದು ದನದ ಆಸ್ಪತ್ರೆಗೆ ಹೋದರು.

"ಕುರಿ ಪಾಚಿ ತಿಂತದಾ ಡಾಕ್ಟ್ರಮ್ಮ?"

"ತಿಂತದೆ ಕಣಮ್ಮ. ಸ್ಕಾಟ್ಲೆಂಡ್ ದೇಶದಲ್ಲಿ ನಾರ್ತ್ ರೊನಾಲ್ಡ್ಸೆ ಅಂತ ಒಂದು ದ್ವೀಪ ಇದೆ. 1832ರಲ್ಲಿ ಅಲ್ಲಿ ಹೊಲಕ್ಕೆ ಕುರಿ ನುಗ್ಗಬಾರದು ಅಂತ ಸುತ್ತ ಕಲ್ಲುಗೋಡೆ ಕಟ್ಟಿದರು. ಕುರಿಗಳು ಕಡಲ ದಂಡೆಯಲ್ಲೇ ಉಳಿದವು. ಇವತ್ತಿಗೂ ಅವಕ್ಕೆ ಪಾಚಿಯೇ ಮುಖ್ಯ ಮೇವು. ನಮ್ಮ ಪಕ್ಕದ ತಮಿಳುನಾಡಲ್ಲೂ, ರಾಮೇಶ್ವರದ ಕಡೆ, ಹೆಂಗಸರು ಕಡಲಿಗಿಳಿದು ಪಾಚಿ ಕೀಳ್ತಾರೆ."

ಕಡಲ ಪಾಚಿಯಲ್ಲಿ ಉಪ್ಪು, ಅಯೋಡಿನ್, ಹಲವು ಖನಿಜ ಇವೆ. ಅದನ್ನು ಒಣಗಿಸಿ, ಪುಡಿ ಮಾಡಿ, ಮೇವಿಗೆ ಬೆರೆಸಿ ಪರೀಕ್ಷೆ ಮಾಡಿದ್ದಾರೆ. ಕೆಲವು ಕಡೆ ಕುರಿ ಬಿಸಿಲು ತಡೆದುಕೊಂಡಿದೆ. ಕೆಲವು ಕಡೆ ಅಂಥ ಗುಣ ಕಂಡಿಲ್ಲ. ಕೊಟ್ಟರೂ ಅಳತೆ ಬೇಕು. ದಿನಕ್ಕೆ ಒಂದು ಕೆ.ಜಿ. ಒಣ ಮೇವು ತಿನ್ನುವ ಕುರಿಗೆ 10ರಿಂದ 20 ಗ್ರಾಂ, ಅಷ್ಟೆ. ಅಯೋಡಿನ್ ಹೆಚ್ಚಾದರೆ ಕೆಡುಕು.

"ದುಡ್ಯಾಕೆ ಕೊಡ್ಬೇಕು? ಕಬಿನಿ ಹಿನ್ನೀರಲ್ಲೂ ಪಾಚಿ ಅದಲ್ಲ?" ಅಂದಳು ಅತ್ತೆ.

"ಬೇಡವೇ ಬೇಡ! ನಿಂತ ನೀರಿನ ಮೇಲೆ ಹಸಿರು ಬಣ್ಣ ಬಳಿದ ಹಾಗೆ ಕಟ್ಟುತ್ತಲ್ಲ, ಅದರಲ್ಲಿ ಕೆಲವು ವಿಷ. ಆ ನೀರು ಕುಡಿದರೂ ಕುರಿ ಸಾಯಬಹುದು."

ಇನ್ನೊಂದು ಮಾತು. ಖನಿಜದ ಪುಡಿ ಕೊಳ್ಳುವಾಗ ಯಾವ ಪ್ರಾಣಿಗೆ ಅಂತ ಬರೆದಿದೆ, ಓದಿ. ದನದ ಪುಡಿಯಲ್ಲಿ ತಾಮ್ರ ಹೆಚ್ಚಿರಬಹುದು. ದನ ತಡೆಯುವಷ್ಟು ತಾಮ್ರವನ್ನು ಕುರಿ ತಡೆಯದು.

ಕೊನೆಗೆ ಡಾಕ್ಟರಮ್ಮ ಕೇಳಿದರು, "ಮಧ್ಯಾಹ್ನ ಕುರಿಗೆ ನೀರು ಎಲ್ಲಿ ಕುಡಿಸ್ತೀರಿ?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. "ಸಂಜೆ ಮನೆಗೆ ಬಂದ್ಮೇಲೇ ನೀರು."

"ಹಾಗಾದ್ರೆ ಯಾವ ಪುಡಿಯೂ ಕೆಲಸ ಮಾಡಲ್ಲ. ಬೇಸಿಗೇಲಿ ದೊಡ್ಡ ಕುರಿಗೆ ದಿನಕ್ಕೆ 5 ಲೀಟರಾದರೂ ನೀರು ಬೇಕು. ಬೆಳಗ್ಗೆ ಬೇಗ ಮೇಯಿಸಿ. ಹತ್ತು ಗಂಟೆ ಮೇಲೆ ಹೊಂಗೆ, ಹುಣಸೆ ನೆರಳಿಗೆ ಹೊಡೀರಿ. ಮತ್ತೆ ನಾಲ್ಕು ಗಂಟೆ ಮೇಲೆ ಬಿಡಿ. ಒಣ ಹುಲ್ಲು, ಹುರುಳಿ ಹೊಟ್ಟು ರಾತ್ರಿ ಹಾಕಿ. ಅದು ಅರಗುವಾಗ ಹೊಟ್ಟೇಲಿ ಕಾವು ಏಳುತ್ತೆ. ಕುರಿ ಬಿದ್ದುಬಿಟ್ಟರೆ ನೆರಳಿಗೆ ಎತ್ತಿ, ತಲೆ, ಹೊಟ್ಟೆ, ಕಾಲು ನೆನೆಸಿ. 1962ಕ್ಕೆ ಫೋನ್ ಮಾಡಿ."

ದಾರಿಯಲ್ಲಿ ಸೊಸೆ ಲೆಕ್ಕ ಹಾಕಿದಳು. 20 ಕುರಿಗೆ 100 ಲೀಟರು. ಬಿಂದಿಗೆಗೆ 12 ಲೀಟರಾದರೆ ಎಂಟಕ್ಕಿಂತ ಹೆಚ್ಚು ಬಿಂದಿಗೆ.

"ಹೊರೋರು ಯಾರು ಅತ್ತೆ? ನನ್ನ ಸೊಂಟ ಈಗಲೇ ಬಿದ್ದೋಗದೆ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಪೊಟ್ಟಣ ತಂದೋನು ನೀರೂ ತರ್ಲಿ" ಅಂದಳು.

ಮಾರನೆ ದಿನ ಮಗ ಸೈಕಲ್ಲಿಗೆ ಎರಡು ಕೊಡ ಕಟ್ಟಿದ. ಹುಣಸೆ ಮರದ ಕೆಳಗೆ ತೊಟ್ಟಿ ಇಟ್ಟರು. ಮಧ್ಯಾಹ್ನ ಸೊಸೆ ಗಡಿಯಾರ ನೋಡಿಕೊಂಡು ಒಂದು ಕುರಿಯ ಪಕ್ಕೆ ಏರಿ ಇಳಿಯುವುದನ್ನು ಎಣಿಸಿದಳು. ನಲವತ್ತು.

ನಿಮ್ಮ ಮನೆಯಲ್ಲಿ ಎಷ್ಟು ಕುರಿ ಇವೆ? ಅವಕ್ಕೆ ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು? ಯಾರು ತರುತ್ತಾರೆ? ಬರೆಯಿರಿ.