ಕರಾವಳಿಯಲ್ಲಿ ಉಪ್ಪುನೀರಿನ ಹಾವಳಿ: ಸಿಹಿನೀರೇ ತಡೆ

ಮಳೆಗಾಲ ಬಂತೆಂದರೆ ಉಳ್ಳಾಲದಿಂದ ಕಾರವಾರದವರೆಗೆ ಕಡಲ್ಕೊರೆತದ ಮಾತು ಕೇಳಿಬರುತ್ತದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳ ಅಧ್ಯಯನದಂತೆ ಕರ್ನಾಟಕದ ಕಡಲತೀರದ ಸುಮಾರು ನಾಲ್ಕನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ. ತೆಂಗಿನ ಮರ ಉರುಳಿದ್ದು, ರಸ್ತೆ ಕುಸಿದದ್ದು ಎಲ್ಲರಿಗೂ ಕಾಣುತ್ತದೆ. ಆದರೆ ಬಾವಿಗೂ ಗದ್ದೆಗೂ ಸದ್ದಿಲ್ಲದೆ ಸೇರುವ ಉಪ್ಪು, ಪೈರು ಒಣಗುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಕಾರಣಗಳು

ಭೂಮಿಯ ಬಿಸಿ ಏರಿದಂತೆ ಸಮುದ್ರದ ನೀರು ಹಿಗ್ಗುತ್ತದೆ. ಹಿಮನದಿಗಳು ಕರಗಿ ಕಡಲಿಗೆ ಸೇರುತ್ತವೆ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1971ರವರೆಗೆ ವರ್ಷಕ್ಕೆ ಸುಮಾರು 1.3 ಮಿಲಿಮೀಟರ್ ಇದ್ದ ಏರಿಕೆ, 2006-2018ರ ಅವಧಿಯಲ್ಲಿ 3.7 ಮಿಲಿಮೀಟರ್ ಆಯಿತು. ದಡದ ಮರಳು ತೆಗೆಯುವುದೂ ಕೊರೆತವನ್ನು ಹೆಚ್ಚಿಸುತ್ತದೆ.

ಬಾವಿ ಉಪ್ಪಾಗುವ ಬಗೆ

ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ದಡದ ಮರಳುನೆಲದೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸ್ಥೂಲ ಲೆಕ್ಕದಂತೆ, ಸಮುದ್ರ ಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ 40 ಅಡಿ ಸಿಹಿನೀರು ಇರುತ್ತದೆ. ಪಂಪಿನಿಂದ ಎಳೆದು ಆ 1 ಅಡಿಯನ್ನು ಇಳಿಸಿದರೆ, ಕೆಳಗಿನ ಉಪ್ಪುನೀರು ಕ್ರಮೇಣ 40 ಅಡಿ ಮೇಲೇರಬಲ್ಲದು. ಸಮುದ್ರದ ಏರಿಕೆ ರೈತನ ಕೈಯಲ್ಲಿಲ್ಲ. ನೆಲದೊಳಗಿನ ಸಿಹಿನೀರಿನ ಎತ್ತರ ಬಹುಮಟ್ಟಿಗೆ ಅವನ ಕೈಯಲ್ಲೇ ಇದೆ.

ಕೈಗೊಳ್ಳಬೇಕಾದ ಕ್ರಮಗಳು

1. ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ನೀರನ್ನೂ ಗದ್ದೆಯ ಮಣ್ಣನ್ನೂ ಪರೀಕ್ಷೆ ಮಾಡಿಸಬೇಕು. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುತ್ತದೆ.

2. ಬೇಸಿಗೆಯಲ್ಲಿ ಪಂಪನ್ನು ಒಂದೇ ಸಮನೆ ನಡೆಸದೆ, ಬಿಡುವು ಕೊಟ್ಟು ನೀರೆತ್ತಬೇಕು. ನೀರು ಸಾಲದೆಂದು ಬಾವಿಯನ್ನು ಇನ್ನೂ ಆಳ ಮಾಡುವುದು ಉಪ್ಪಿಗೆ ದಾರಿ ಮಾಡಿಕೊಟ್ಟಂತೆ.

3. ಮಳೆ ನಿಂತು ಹೊಳೆಯ ಹರಿವು ತಗ್ಗುವ ಹೊತ್ತಿಗೇ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಬೇಕು. ತಡಮಾಡಿದರೆ ಉಬ್ಬರದ ನೀರು ಒಳನುಗ್ಗಿ, ನಿಲ್ಲಿಸಿದ ನೀರೂ ಉಪ್ಪಾಗುತ್ತದೆ.

4. ಉಪ್ಪಾದ ಗದ್ದೆಯಲ್ಲಿ ಬದು ಭದ್ರಪಡಿಸಿ ಜೂನ್ ತಿಂಗಳ ಮಳೆನೀರನ್ನು ನಿಲ್ಲಿಸಬೇಕು. ಸಮುದ್ರದ ಇಳಿತದ ವೇಳೆ ತೂಬಿನಿಂದ ಹೊರಬಿಡಬೇಕು. ಹೀಗೆ ಹಲವು ಬಾರಿ ಮಾಡಿದರೆ ಉಪ್ಪು ತೊಳೆದುಹೋಗುತ್ತದೆ. ಮಣ್ಣು ಹುಳಿಯಾಗಿದ್ದರೆ ಜಿಪ್ಸಮ್‌ಗೆ ಹಣ ಸುರಿಯುವುದು ವ್ಯರ್ಥ. ಅದು ಕ್ಷಾರ ಮಣ್ಣಿಗೆ ಹಾಕತಕ್ಕದ್ದು.

5. ಉಪ್ಪು ಪೂರ್ತಿ ಹೋಗದ ಕಡೆ ಅದನ್ನು ತಾಳುವ ತಳಿ ಬಿತ್ತಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳುತ್ತದೆ. ಇಂತಹ ಬೀಜವನ್ನು ಊರಿನವರೇ ಕಾಯ್ದಿರಿಸಿಕೊಳ್ಳುವುದು ಲೇಸು.

ಇವುಗಳಲ್ಲಿ ಹೆಚ್ಚಿನವು ಒಬ್ಬರಿಂದ ಆಗುವ ಕೆಲಸಗಳಲ್ಲ. ಗಜನಿಯ ಕಟ್ಟೆ ಒಂದು ಕಡೆ ಒಡೆದರೂ ಒಳಗಿನ ಗದ್ದೆಗಳೆಲ್ಲ ಉಪ್ಪಾಗುತ್ತವೆ. ಒಬ್ಬನ ಪಂಪು ಮಿತಿಮೀರಿ ಓಡಿದರೆ ನೆರೆಯವನ ಬಾವಿಯೂ ಕೆಡಬಹುದು. ಆದುದರಿಂದ ಮಳೆಗಾಲಕ್ಕೆ ಮೊದಲೇ ರೈತರು ಒಟ್ಟುಗೂಡಿ ಕಟ್ಟೆ, ತೂಬು, ಹಲಗೆಗಳನ್ನು ಪರಿಶೀಲಿಸಿ ದುರಸ್ತಿ ಮಾಡಿಕೊಳ್ಳುವುದು ಅತ್ಯಗತ್ಯ.